ಕೆಳಗಿನ ನಾಲ್ಕು ಸಾಲು

ನಗೆಮಾತು ಹೇಳಿದ ಮೇಲೆ ಆಕೆ ಸುಮ್ಮನಾಗುತ್ತಿದ್ದರು. ಉಸಿರು ತೆಗೆದುಕೊಳ್ಳುವಷ್ಟು ಹೊತ್ತಲ್ಲ, ಅದಕ್ಕಿಂತ ಹೆಚ್ಚು. ಮುಖವನ್ನು ಎದುರಿನ ಗೋಡೆಯ ಕಡೆ ತುಸು ಮೇಲೆತ್ತಿ ಕಾಯುತ್ತಿದ್ದರು. ಗೋಡೆಯ ಮೇಲೆ ಕ್ಯಾಲೆಂಡರ್ ತೂಗುಹಾಕುವ ಮೊಳೆಯೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಕೋಣೆಯಲ್ಲಿ ನಾವಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ ಸಣ್ಣಗೆ ತಲೆಯಾಡಿಸಿ ಮಾತು ಮುಂದುವರಿಸುತ್ತಿದ್ದರು.

ಮೊದಲ ಎರಡು ವಾರ ಇದನ್ನು ವಯಸ್ಸಿನ ಮರೆವು ಎಂದುಕೊಂಡೆ. ಮೂರನೇ ವಾರ ಗಮನಕ್ಕೆ ಬಂತು: ಎಲ್ಲ ಮೌನಗಳೂ ಒಂದೇ ಅಳತೆಯವಲ್ಲ. ಸಣ್ಣ ಮಾತಿಗೆ ಸಣ್ಣ ಮೌನ, ದೊಡ್ಡ ಮಾತಿಗೆ ದೊಡ್ಡದು. ಒಮ್ಮೊಮ್ಮೆ ಮುಗಿಯಿತೆಂದು ಬಾಯಿ ತೆರೆದವರು, ಹಿಂದಿನ ಸಾಲಿನಲ್ಲಿ ಮತ್ತೆ ಶುರುವಾಯಿತೆಂಬಂತೆ ಕೈಯೆತ್ತಿ ತಡೆಯುತ್ತಿದ್ದರು.

"ಯಾಕ್ರಿ ಅಕ್ಕಾರ, ಮಾತು ನಿಲ್ಲಸ್ತೀರಿ?" ಎಂದು ಕೇಳಿದೆ.

"ನಗಾಕತ್ತಾರಲ್ರಿ," ಎಂದರು. "ನಗೂಮುಂದ ಮಾತಾಡಿದ್ರ ಮುಂದಿನ ಮಾತು ಮುಳುಗಿ ಹೋಗತದ. ಇಷ್ಟೂ ಗೊತ್ತಿಲ್ಲೇನು ನಿಮಗ?"

ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಮೌನಕ್ಕೂ ಒಂದು ಅಡ್ಡಗೆರೆ ಎಳೆಯತೊಡಗಿದೆ. ಚಿಕ್ಕ ಮೌನಕ್ಕೆ ಚಿಕ್ಕ ಗೆರೆ, ದೊಡ್ಡದಕ್ಕೆ ಉದ್ದ. ಕೇಳಿದ್ದನ್ನು ಕೇಳಿದಂತೆ ಬರೆದುಕೊಳ್ಳುವುದು ನಮ್ಮ ಕೆಲಸ. ಕೇಳಿಸದೆ ಇದ್ದದ್ದಕ್ಕೆ ಬೇರೆ ಗುರುತು ನನಗೆ ಹೊಳೆಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ರಾಯಚೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕ, ಕೈ ಕಡಿಮೆ ಬಿದ್ದಾಗ ವರದಿಗಾರ. ಕಚೇರಿಯ ಒಂದು ಮಗ್ಗುಲಿಗೆ ಅಕ್ಕಿ ಗಿರಣಿ, ಇನ್ನೊಂದು ಮಗ್ಗುಲಿಗೆ ಹತ್ತಿಯ ಜಿನ್ನಿಂಗ್ ಕಾರ್ಖಾನೆ. ನಮ್ಮ ಮೇಜುಗಳ ಮೇಲೆ ಬೆಳಿಗ್ಗೆ ಹೊಟ್ಟು, ಸಂಜೆ ಅರಳೆ. ಭಾನುವಾರದ ಪುರವಣಿಗೆ ಓದುಗರನ್ನು ಹಿಡಿದಿಡುವಂಥ ಒಂದು ಅಂಕಣ ಬೇಕೆಂದು ಸಂಪಾದಕರು ಹುಡುಕುತ್ತಿದ್ದರು. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಹಾಸ್ಯದ ಪಾರ್ಟು ಮಾಡಿದ ಹೆಂಗಸೊಬ್ಬರು ಮಂಡಿನೋವಿನಿಂದ ಕಂಪನಿ ಬಿಟ್ಟು ಮಾನ್ವಿಯಲ್ಲಿ ಮನೆ ಹಿಡಿದಿದ್ದಾರೆಂದು ಅವರಿಗೆ ಯಾರೋ ಹೇಳಿದ್ದರು. ಆಕೆಗೆ ಬರೆಯಲು ಬರುತ್ತಿರಲಿಲ್ಲ. ಪಾರ್ಟುಗಳನ್ನೆಲ್ಲ ಕೇಳಿಯೇ ಕಲಿತವರು. ಪ್ರತಿ ಬುಧವಾರ ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಆಕೆಯ ಬದುಕಿನ ಕತೆಯನ್ನು ಆಕೆಯ ಬಾಯಿಂದಲೇ ಬರೆದು ತರುವುದು ನನ್ನ ಪಾಲಿಗೆ ಬಂತು.

ಪ್ರತಿ ಬೈಠಕ್ಕನ್ನೂ ಆಕೆ ತಮ್ಮನ್ನೇ ಹಳಿದುಕೊಂಡು ಶುರು ಮಾಡುತ್ತಿದ್ದರು. ಮೊದಲ ದಿನದ ಮೊದಲ ಮಾತು ನನ್ನ ಬಳಿ ಹಾಗೆಯೇ ಇದೆ: "ನಾ ಹುಟ್ಟಿದಾಗ ಸೂಲಗಿತ್ತಿ ನನ್ನ ಮೂಗು ನೋಡಿ, 'ಯವ್ವಾ, ಗಾಬರಿ ಆಗಬ್ಯಾಡ, ಇದು ಮೊದಲ ಬಂದದ, ಕೂಸು ಹಿಂದಿಂದ ಬರಾಕತ್ತದ' ಅಂದ್ಲಂತ." ಎರಡನೆಯ ವಾರದ್ದು: "ಒಮ್ಮಿ ನಾಯಕಿ ಪಾರ್ಟು ಕೊಡ್ರಿ ಅಂತ ಮಾಲಕರನ್ನ ಕೇಳಿದೆ. ಮುಖ ನೋಡಿ ಅಂದ್ರು, 'ಕೊಡತಿದ್ದೆ ಬೇ. ಆದ್ರ ಖಳನಾಯಕ ನಿನ್ನ ಹೊತಗೊಂಡು ಹೋಗಾಕ ಒಪ್ಪವೊಲ್ಲ. ಅಂವ ಹೊತಗೊಂಡು ಹೋಗ್ಲಿಲ್ಲಂದ್ರ ನಾಟಕ ಮುಂದ ಹೋಗೂದಿಲ್ಲ.'"

ಅಂಕಣ ಹಿಡಿಯಿತು. ಜಿನ್ನಿಂಗಿನಲ್ಲಿ ಹತ್ತಿ ಆರಿಸುವ ಹೆಂಗಸರು ಸೋಮವಾರ ಊಟದ ಹೊತ್ತಿಗೆ ಅಕ್ಷರ ಬಲ್ಲ ಒಬ್ಬಾಕೆಯನ್ನು ನಡುವೆ ಕೂರಿಸಿಕೊಂಡು ಓದಿಸುತ್ತಿದ್ದರು. ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಕಂಪನಿಯ ಗಂಡು ನಟರ ನೆನಪುಗಳನ್ನೂ ನಾವು ಹಿಂದೆ ಹಾಕಿದ್ದೆವು. ಅವುಗಳಲ್ಲಿ ಹಾರ, ಶಾಲು, ದೊಡ್ಡವರು ಬೆನ್ನು ತಟ್ಟಿದ್ದು ಇರುತ್ತಿದ್ದವು. ಹೆಂಗಸರು ಅವನ್ನು ಓದಿಸಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಈಕೆಯ ಕತೆಯಲ್ಲಿ ಮೊಲೆಯುಣ್ಣುವ ಮಗುವನ್ನು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ತೊಡೆಯ ಮೇಲೆ ಹಾಕಿ ರಂಗಕ್ಕೆ ಓಡಿದ್ದು, ಮಗು ಅತ್ತಾಗ ಮಾಸ್ತರರು ಅದೇ ಶ್ರುತಿಗೆ ಹಾಡು ಎತ್ತಿಕೊಂಡದ್ದು ಇತ್ತು. ಒದ್ದೆ ಸೀರೆಯನ್ನು ಮೈಮೇಲೆಯೇ ಒಣಗಿಸಿಕೊಂಡು ರಾಣಿಯ ದಾಸಿಯಾದದ್ದು ಇತ್ತು. ಅತ್ತು ಹೇಳಬಹುದಾಗಿದ್ದನ್ನು ನಗಿಸಿ ಹೇಳುತ್ತಿದ್ದುದರಿಂದ ಕೇಳುವವರು ಕನಿಕರ ತೋರಿಸಬೇಕಾಗಿರಲಿಲ್ಲ. ಆಕೆ ಮೊದಲು ತಾವೇ ಕೆಸರಿಗೆ ಬಿದ್ದು, ಅಲ್ಲಿಂದ ಕೈ ಚಾಚಿ ನಿಮ್ಮನ್ನು ಎಳೆಯುತ್ತಿದ್ದರು. ಎಳೆಸಿಕೊಳ್ಳಲು ಜನ ಮುಂದೆ ಬರುತ್ತಿದ್ದರು. ಅದು ಎಷ್ಟು ಮುಂದೆ ಎಂಬುದು ನಮಗೆ ಆಮೇಲೆ ಗೊತ್ತಾಯಿತು.

ಆಕೆಯ ಕಂಪನಿಯಲ್ಲಿ ಒಂದು ರೂಢಿಯಿತ್ತು. ಒಂದು ಊರಿನ ಕ್ಯಾಂಪ್ ಮುಗಿಯುವ ದಿನ, ಕೊನೆಯ ಆಟದ ಕೊನೆಗೆ ಆಕೆ ಪರದೆಯ ಮುಂದೆ ಬಂದು, ಆ ಊರಿನಲ್ಲಿ ಕಂಪನಿಗೆ ನೆರವಾದವರನ್ನು ಒಬ್ಬೊಬ್ಬರಾಗಿ ಹಾಸ್ಯ ಮಾಡಿ ಬೀಳ್ಕೊಳ್ಳಬೇಕು. ಗಿರಣಿಯ ಸಾಹುಕಾರರಿಗೆ, "ಇವರನ್ನ ನಗಸಬ್ಯಾಡ್ರಿ, ನಕ್ಕರ ಮುಂದಿನ ಸಾಲಿನವರ ಮ್ಯಾಲೆ ಹೊಟ್ಟು ಬೀಳ್ತದ." ಹಾಲು ಕೊಟ್ಟವಳಿಗೊಂದು, ತಗಡಿನ ಥಿಯೇಟರಿಗೆ ಜಾಗ ಕೊಟ್ಟವನಿಗೊಂದು. ಇದಕ್ಕೆ ಆಕೆ 'ಅಂದು ಹೋಗೂದು' ಎನ್ನುತ್ತಿದ್ದರು. ಅನ್ನಿಸಿಕೊಂಡವರು ವರ್ಷವಿಡೀ ಅದನ್ನು ಹೇಳಿಕೊಂಡು ತಿರುಗುತ್ತಿದ್ದರು. ಬಿಟ್ಟುಹೋದವರಿಗೆ ಮುಖ ಸಣ್ಣದಾಗುತ್ತಿತ್ತು.

ಎಂಟನೇ ಕಂತಿನಲ್ಲಿ ಆಕೆ ದೇವದುರ್ಗದ ಕ್ಯಾಂಪಿನ ಸಂಗತಿ ಹೇಳಿದರು. ಎರಡು ತಿಂಗಳು ಕಂಪನಿಗೆ ನೀರು ಹೊತ್ತವಳು ಕೊನೆಯ ದಿನ ಮುಂದುಗಡೆಯೇ ಕೊಡ ಇಟ್ಟುಕೊಂಡು ನಿಂತಿದ್ದಳು. ಅವಳ ಮಾತಿನ ಸರದಿ ಕೊನೆಗಿತ್ತು. ಪರದೆ ಎಳೆಯುವವನು ಮುಗಿಯಿತೆಂದು ಎಳೆದುಬಿಟ್ಟ. ಮರುವರ್ಷ ಕ್ಯಾಂಪ್ ಹಾಕುವಷ್ಟರಲ್ಲಿ ಅವಳು ಇರಲಿಲ್ಲ. ಇದನ್ನೂ ಆಕೆ ನಗಿಸಿಯೇ ಹೇಳಿದರು: "ಪರದಿ ಎಳದಾಂವಗ ಅಂದೆ, ಲೇ, ನೀ ಎಳದದ್ದು ಯಾರ ಮ್ಯಾಲೆ ಅಂತ ನೋಡಿ ಎಳೀಬೇಕಿತ್ತಲೇ." ಆ ಮಾತಿನ ಮುಂದೆ ನನ್ನ ನೋಟ್‌ಬುಕ್ಕಿನಲ್ಲಿ ಗೆರೆ ಇಲ್ಲ. ಅಂದು ಆಕೆ ಕಾಯಲಿಲ್ಲ.

ಅದು ಅಚ್ಚಾದ ವಾರದಿಂದ ಕಾಗದಗಳು ಬರತೊಡಗಿದವು. ಗಬ್ಬೂರಿನಿಂದ ಒಬ್ಬರು: ನಿಮ್ಮ ಕಂಪನಿಗೆ ಎತ್ತಿನ ಬಂಡಿ ಕೊಟ್ಟಿದ್ದೆ, ನನ್ನನ್ನು ಅನ್ನದೆ ಹೋಗಿದ್ದೀರಿ, ದಯವಿಟ್ಟು ಪತ್ರಿಕೆಯಲ್ಲಾದರೂ ಒಂದು ಮಾತು ಅಂದುಬಿಡಿ. ಕುರ್ಡಿಯಿಂದ ಒಂದು ಕಾರ್ಡು. ಬರೆದ ಕೈ ಬೇರೆಯವರದು, ಕೆಳಗೆ ಹೆಬ್ಬೆಟ್ಟಿನ ಗುರುತು: ನನ್ನ ಕಿವಿ ದೊಡ್ಡವು, ಬೇಕಾದರೆ ಅದರ ಮೇಲೆಯೇ ಅನ್ನಿ. ತಮ್ಮನ್ನು ಗೇಲಿ ಮಾಡಿರೆಂದು ಪತ್ರಿಕೆಗೆ ಅರ್ಜಿ ಹಾಕಿದವರನ್ನು ನಾನು ಅದೇ ಮೊದಲು ನೋಡಿದ್ದು. ಸಂಪಾದಕರು ನಕ್ಕರು. ನಾನೂ ನಕ್ಕೆ. ಬಂದವನ್ನೆಲ್ಲ ಸರದಿಯಂತೆ ಆಕೆಗೆ ಓದಿ ಹೇಳುತ್ತಿದ್ದೆ. ಆಕೆ ಒಬ್ಬರನ್ನೂ ಬಿಡದೆ ಅನ್ನುತ್ತಿದ್ದರು.

ಅಚ್ಚಾದದ್ದು ನಿಜವೇ ಎಂದು ನೋಡುವುದು ನನ್ನ ಚಾಳಿ. ಒಂದು ಭಾನುವಾರ ದೇವದುರ್ಗಕ್ಕೆ ಹೋದೆ. ನೀರು ಹೊರುತ್ತಿದ್ದವಳ ನಾದಿನಿ ಸಿಕ್ಕಳು. ಮಟಮಟ ಮಧ್ಯಾಹ್ನ. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅವಳು ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು.

"ಏನಾಗಿ ತೀರಿಕೊಂಡ್ರು?"

"ಜ್ವರ ಅಂದ್ರು."

ಜ್ವರ ಎಂದು ಬರೆದುಕೊಂಡೆ.

"ಜ್ವರ ಹಿಂದಿಂದ ಬಂತು ಬಿಡ್ರಿ," ಎಂದಳು ಅವಳು, ಮೊರದಿಂದ ಕಣ್ಣೆತ್ತದೆ. "ಅಕಿ ಮೊದಲ ಕುಂತಿದ್ಲು. ಬಾವಿಕಟ್ಟಿ ಮ್ಯಾಲೆ ಕೊಡಾ ಇಟಗೊಂಡು ಕುಂತುಬಿಡಾಕಿ. 'ಯಾಕ ಬೇ, ಮನೀಗಿ ಬರೂದಿಲ್ಲೇನು' ಅಂದ್ರ, 'ತಡಿ, ನನ್ನ ಸರದಿ ಬಂದಿಲ್ಲ' ಅನ್ನಾಕಿ. ಎಲ್ಲಾರಿಗೂ ಅಂದು ಹೋದ್ರು, ನನಗಷ್ಟ ಏನೂ ಅನ್ನಲಿಲ್ಲ ಅಂತ ಕಾಯಾಕಿ."

"ಎಷ್ಟು ದಿನ?"

"ಹೋಗೂತನಕ."

ಅಷ್ಟನ್ನೂ ಬರೆದುಕೊಂಡೆ. ಆ ಕ್ಯಾಂಪಿನಲ್ಲಿ ಹಾಗೆಯೇ ಮಾತು ಸಿಗದೆ ಉಳಿದ ಇನ್ನೊಬ್ಬ, ದೀಪ ಹಚ್ಚುತ್ತಿದ್ದವನು, ಜೀವಂತ ಇದ್ದ; ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುತ್ತಿದ್ದ. ಅವನನ್ನೂ ಮಾತಾಡಿಸಿ ಬಂದೆ. ಒಬ್ಬಳು ಸತ್ತಿದ್ದಳು, ಒಬ್ಬ ಬದುಕಿದ್ದ. ಇದರಲ್ಲಿ ಸುದ್ದಿಯೇನೂ ಇಲ್ಲವೆಂದು ತೀರ್ಮಾನಿಸಿದೆ. ಆ ತೀರ್ಮಾನ ಈಗಲೂ ಸರಿಯಿದೆ.

ಅಂಕಣದ ಅಚ್ಚುಮೊಳೆ ಜೋಡಿಸುತ್ತಿದ್ದವರು ನಮ್ಮ ಹಿರಿಯ ಕಂಪೋಜಿಟರು. ಅರವತ್ತರ ಹತ್ತಿರದವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ದಪ್ಪ ಗಾಜಿನ ಕನ್ನಡಕ. ಎಡಗೈಯಲ್ಲಿ ಹಿಡಿದ, ಮೊಳೆ ಜೋಡಿಸುವ ಸ್ಟಿಕ್ಕಿನೊಳಗೆ ಅಕ್ಷರಗಳು ತಲೆಕೆಳಗಾಗಿ ನಿಲ್ಲುತ್ತವೆ. ಅವರು ಅದನ್ನೇ ನಮ್ಮ ಪುಸ್ತಕದಂತೆ ಸರಾಗ ಓದುತ್ತಿದ್ದರು. ಆಕೆಯ ಅಂಕಣ ಜೋಡಿಸುವಾಗ ಒಬ್ಬರೇ ನಗುವುದು ನನ್ನ ಮೇಜಿನವರೆಗೆ ಕೇಳುತ್ತಿತ್ತು. ಇದನ್ನು ಮಾನ್ವಿಯಲ್ಲಿ ಹೇಳಿದೆ. ಆಕೆಗೆ ಬಹಳ ಹಿಡಿಸಿತು.

"ನನ್ನ ಮಾತಿಗೆ ಎಲ್ಲಾರಕಿಂತ ಮೊದಲ ನಗಾಂವ ಅಂವ ಅಂದಂಗಾತು. ಅವನ್ನ ಬಿಟ್ರ ಹೆಂಗ? ಬರಕೊಳ್ರಿ," ಎಂದು, ಹನ್ನೊಂದನೇ ಕಂತಿನ ಕೊನೆಗೆ ನಾಲ್ಕು ಸಾಲು ಹೇಳಿದರು:

"ರಾಯಚೂರಾಗ ನನ್ನ ಮಾತು ಜೋಡಸಾಂವ ಒಬ್ಬ ಅದಾನ. ಕೆಳಗಿಂದ ಮ್ಯಾಲಕ್ಕ ಓದ್ತಾನಂತ. ಕನ್ಯಾ ನೋಡಾಕ ಹೋದಾಗೂ ಹಂಗ ಮಾಡ್ಯಾನ, ಪಾದದಿಂದ ಸುರು ಮಾಡ್ಯಾನ. ಮುಖದ ತನಕ ಬರೂದ್ರಾಗ ಅಕ್ಷತಿ ಬಿದ್ದಿದ್ದವು."

ಗೆರೆ, ಸಾಕಷ್ಟು ಉದ್ದ.

ಶನಿವಾರ ಮಧ್ಯಾಹ್ನ ಅವರು ಆ ನಾಲ್ಕು ಸಾಲನ್ನು ಜೋಡಿಸಿದರು. ನಗುತ್ತ ನಗುತ್ತ ನನ್ನ ಮೇಜಿಗೆ ಬಂದು, "ಖರೇನ ಅದರಿ ಸಾಹೇಬ್ರ. ನಾ ತಲಿ ಎತ್ತಿ ನೋಡಿದ್ದು ತಾಳಿ ಕಟ್ಟಿದ ಮ್ಯಾಲೇನ. ನಮ್ಮಾಕಿ ಇದ್ದಿದ್ರ ಕೇಳಿ ನಗತಿದ್ಲು," ಎಂದರು. ನಾಳೆ ಹತ್ತು ಪ್ರತಿ ಬೇಕೆಂದೂ ಹೇಳಿದರು.

ಒಂದು ಗಂಟೆಯ ನಂತರ ಪುಟ ಕಟ್ಟುವಾಗ ಒಂದು ಜಾಹೀರಾತು ಹೇಳಿದ್ದಕ್ಕಿಂತ ಅರ್ಧ ಇಂಚು ದೊಡ್ಡದಾಗಿ ಬಂತು. ಜಾಗ ಬೇಕು. ಸುದ್ದಿಯನ್ನು ಕಡಿಯುವುದಾದರೆ ಕೆಳಗಿನಿಂದ ಕಡಿಯಬೇಕೆಂದು ನನಗೆ ಮೊದಲ ದಿನ ಕಲಿಸಿದ್ದರು. ಮುಖ್ಯವಾದದ್ದು ಮೇಲಿರುತ್ತದೆ, ಕೆಳಗಿನದು ಹೋದರೆ ನಷ್ಟವಿಲ್ಲ. ಕೈ ತಾನಾಗಿ ಹೋಯಿತು. ಕೊನೆಯ ನಾಲ್ಕು ಸಾಲನ್ನು ಎತ್ತಿ ಬದಿಗಿಟ್ಟೆ. ನಗಿಸುವವರು ಮುಖ್ಯವಾದದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ ಎಂಬುದು ಹನ್ನೊಂದು ವಾರ ಎದುರಿಗೆ ಕುಳಿತು ಬರೆದುಕೊಂಡಿದ್ದ ನನಗೆ ಆ ಕ್ಷಣ ಹೊಳೆಯಲಿಲ್ಲ. ಕಂಪೋಜಿಟರು ಕಲ್ಲಿನ ಮೇಜಿನ ಆಚೆ ಬದಿಗೆ ನಿಂತಿದ್ದರು. ನಾನು ಎತ್ತಿದ್ದನ್ನು ನೋಡಿದರು. ಎತ್ತಿಟ್ಟ ಸಾಲುಗಳಿಗೆ ದಾರ ಸುತ್ತಿ, ಉಳಿದ ಮ್ಯಾಟರು ಇಡುವ ಮೂಲೆಯಲ್ಲಿ ಇಟ್ಟರು.

"ಮುಂದಿನ ವಾರ ಮೊದಲನೇ ಸಾಲಿಗೇ ಹಾಕತೀನಿ," ಎಂದೆ.

"ಆತ್ರಿ," ಎಂದರು.

ಮುಂದಿನ ವಾರ ಪುರವಣಿ ಬರಲಿಲ್ಲ. ಅಚ್ಚುಕಾಗದದ ಸರಕಾರಿ ಕೋಟಾ ಬಂದಿರಲಿಲ್ಲ. ಕಾಗದ ಬರುವತನಕ ಪುರವಣಿ ನಿಲ್ಲಿಸಿ, ದಿನದ ಪುಟಗಳನ್ನು ಮಾತ್ರ ತರುವುದೆಂದು ಸಂಪಾದಕರು ನಿರ್ಧರಿಸಿದರು. ನಾಲ್ಕು ಸಾಲನ್ನು ಸುದ್ದಿಪುಟದ ಮೂಲೆಯಲ್ಲಾದರೂ ಹಾಕಬಹುದೇ ಎಂದು ಕೇಳಿದೆ. "ಸುದ್ದಿ ಪುಟದಾಗ ನಮ್ಮ ಕಂಪೋಜಿಟರ್ ಮದುವಿ ಯಾಕ್ರಿ? ಊಟದ ಪಂಕ್ತಿನೂ ಅಲ್ಲೇ ಹಾಕಸ್ರಿ," ಎಂದರು. ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿತ್ತು.

ಆ ವಾರದಿಂದ ಎರಡು ಸಂಗತಿ ನಡೆದವು. ಎರಡನ್ನೂ ಕಂಡಂತೆ ಬರೆಯುತ್ತೇನೆ.

ಮೊದಲನೆಯದು, ದಾರ ಸುತ್ತಿಟ್ಟ ಸಾಲುಗಳು ಕರಗತೊಡಗಿದವು. ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಕೊನೆಯ ಸಾಲಿನ ಕೊನೆಯ ಅಕ್ಷರ ಇರಲಿಲ್ಲ. ಮಂಗಳವಾರ ಅದರ ಹಿಂದಿನವು ಎರಡು. ನಮ್ಮಲ್ಲಿ ಮೊಳೆಗಳ ಕೊರತೆ ಸದಾ ಇತ್ತು. ಬೇಕಾದ ಅಕ್ಷರವನ್ನು ಜೋಡಿಸಿ ಇಟ್ಟ ಮ್ಯಾಟರಿನಿಂದ ಕಿತ್ತುಕೊಳ್ಳುವುದು ಹೊಸದಲ್ಲ. ಆದರೆ ಹಾಗೆ ಕೀಳುವವರು ಬೇಕಾದ ಅಕ್ಷರ ಎಲ್ಲಿದೆಯೋ ಅಲ್ಲಿಂದ ಕೀಳುತ್ತಾರೆ. ಇಲ್ಲಿ ಕೆಳಗಿನಿಂದ, ಒಂದಾದ ಮೇಲೆ ಒಂದರಂತೆ ಹೋಗುತ್ತಿದ್ದವು. ಕಿರಿಯ ಕಂಪೋಜಿಟರನ್ನು ಕೇಳಿದೆ, ತಾನು ಮುಟ್ಟಿಲ್ಲವೆಂದ. ಹಿರಿಯರು, "ನಾ ಯಾಕ ಮುಟ್ಟಲ್ರಿ ಸಾಹೇಬ್ರ?" ಎಂದರು. ಎರಡು ಸಾಲು ಉಳಿದಾಗ ಅವನ್ನು ತಂದು ನನ್ನ ಮೇಜಿನ ಖಾನೆಯಲ್ಲಿಟ್ಟೆ. ಮರುದಿನ ಅಲ್ಲಿಯೂ ಮೂರು ಅಕ್ಷರ ಕಡಿಮೆಯಿದ್ದವು. ಖಾನೆಗೆ ಬೀಗ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಎರಡನೆಯದು, ಹಿರಿಯರು ಜೋಡಿಸಿದ ಪ್ರತಿ ಸುದ್ದಿಯ ಪ್ರೂಫಿನ ಕೆಳಗೆ ನಾಲ್ಕು ಸಾಲಿನಷ್ಟು ಬಿಳಿ ಜಾಗ ಇರತೊಡಗಿತು. ಹತ್ತಿ ಮಾರುಕಟ್ಟೆಯ ಧಾರಣೆಯ ಕೆಳಗೆ ನಾಲ್ಕು ಸಾಲು ಖಾಲಿ. ರೈಲು ತಡವಾದದ್ದರ ಕೆಳಗೆ ನಾಲ್ಕು ಸಾಲು ಖಾಲಿ. ನಿಧನ ವಾರ್ತೆಯ ಕೆಳಗೂ.

"ಇದೇನ್ರಿ?"

"ಜಾಗಾ ಇರ್ಲಿ ಅಂತ್ರಿ."

ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುತ್ತಿದ್ದರು. ಕೆಮ್ಮು ಹತ್ತಿತ್ತು. ಕೆಲಸವಿಲ್ಲದ ಹೊತ್ತಿನಲ್ಲಿ ಅಕ್ಷರದ ಕೇಸಿನ ಮುಂದೆ ಸ್ಟೂಲಿನ ಮೇಲೆ ಕುಳಿತು, ಕೈಯಲ್ಲಿ ಖಾಲಿ ಸ್ಟಿಕ್ ಹಿಡಿದುಕೊಂಡಿರುತ್ತಿದ್ದರು. ನನಗೆ ದೇವದುರ್ಗದ ನಾದಿನಿಯ ಮಾತು ನೆನಪಾಗುತ್ತಿತ್ತು. ಅವರಿಗೂ ಆಗುತ್ತಿತ್ತು: ಎಂಟನೇ ಕಂತನ್ನು ಜೋಡಿಸಿದವರು ಅವರೇ, ನಾದಿನಿ ಹೇಳಿದ್ದನ್ನು ನಾನೇ ಕಚೇರಿಯಲ್ಲಿ ಹೇಳಿದ್ದೆ. ಒಂದು ದಿನ ನಾನೇ ಆ ಮಾತು ಎತ್ತಿದೆ. ಅದೆಲ್ಲ ಕಾಕತಾಳೀಯ, ನಾನೇ ಹೋಗಿ ವಿಚಾರಿಸಿ ಬಂದಿದ್ದೇನೆ, ದೀಪದವನು ಬಾಳೆಹಣ್ಣು ಮಾರುತ್ತಿದ್ದಾನೆ ಎಂದೆ.

"ಗೊತ್ತದರಿ ಸಾಹೇಬ್ರ," ಎಂದರು. "ನನಗ ಸಾಯೂ ಅಂಜಿಕಿ ಇಲ್ಲ. ನಮ್ಮಾಕಿ ಹೋದ ಮ್ಯಾಲೆ ಅದು ಹೋಗ್ಯದ. ಆದ್ರ ಆ ನೀರಿನಾಕಿಗತೆ ಕಟ್ಟಿ ಮ್ಯಾಲೆ ಕುಂತು ಸರದಿ ಕಾಯ್ಕೋಂತ ಹೋಗೂದು ಬ್ಯಾಡರಿ. ಕುಂತೀನಿ ಅಂತ ನನಗ ಗೊತ್ತಾಗ್ತದ, ಏಳಾಕ ಬರವೊಲ್ದು."

ಪುರವಣಿ ನಿಂತ ಮೇಲೆ ಮಾನ್ವಿಗೆ ಹೋಗಿರಲಿಲ್ಲ. ಮೂರನೆಯ ಬುಧವಾರ ಹೋಗಿ ನಡೆದದ್ದನ್ನೆಲ್ಲ ಆಕೆಗೆ ಹೇಳಿದೆ. ನಾನು ಕಡಿದದ್ದನ್ನು ಮುಚ್ಚಿಡಲಿಲ್ಲ. ಆಕೆ ಗೋಡೆ ಬಿಟ್ಟು ನನ್ನನ್ನೇ ನೋಡಿದರು.

"ಅಂವ ಓದಿದ್ನೇನು ಅದನ್ನ?"

"ಅವರೇ ಜೋಡಿಸಿದ್ರು."

"ನಕ್ಕಿದ್ನೇನು?"

"ನಕ್ಕಿದ್ರು."

"ಅಯ್ಯ ಶಿವನೆ. ಊಟಕ್ಕ ಕುಂದ್ರಿಸಿ, ಬಡಿಸಿ, ಎಲಿ ಜಗ್ಗಿಗೊಂಡಂಗಾತಲ್ರಿ." ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು. "ಕಾಗದ ಯಾವಾಗ ಬರ್ತದ?"

"ಹೇಳಾಕ ಬರೂದಿಲ್ರಿ."

ಅಂದು ಆಕೆ ಏನೂ ಬರೆಸಲಿಲ್ಲ.

ಮರುದಿನ ಗುರುವಾರ. ಹನ್ನೆರಡರ ಸುಮಾರಿಗೆ ಕರೆಂಟು ಹೋಗಿತ್ತು. ಮಷೀನು ನಿಂತಿತ್ತು. ಅಕ್ಕಿ ಗಿರಣಿಯೂ ಜಿನ್ನಿಂಗೂ ನಿಂತಿದ್ದರಿಂದ ಆ ಬೀದಿಯಲ್ಲಿ ಎಂದೂ ಇಲ್ಲದ ನಿಶ್ಶಬ್ದ. ತಗಡಿನ ಮಾಡು ಬಿಸಿಲಿಗೆ ಚಟ್ ಚಟ್ ಎನ್ನುವುದು ಮಾತ್ರ ಕೇಳುತ್ತಿತ್ತು. ಬಾಗಿಲಲ್ಲಿ ನೆರಳು ಬಿತ್ತು. ನಾಲ್ಕು ವರ್ಷದಿಂದ ಬಸ್ಸು ಹತ್ತದವರು ಒಬ್ಬರೇ ಮಾನ್ವಿಯಿಂದ ಬಂದಿದ್ದರು. ಸೆರಗಿನ ತುಂಬ ಧೂಳು, ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಮಂಡಿಯ ಮೇಲೆ.

"ಎಲ್ಲದಾನ್ರಿ, ಪಾದದಿಂದ ಓದಾಂವ?"

ಯಾರಿಗೂ ಉತ್ತರಿಸಲು ಬಿಡಲಿಲ್ಲ. ಎದ್ದು ನಿಂತ ಸಂಪಾದಕರನ್ನು ದಾಟಿ, ನನ್ನನ್ನು ದಾಟಿ, ನೇರ ಅಕ್ಷರದ ಕೇಸುಗಳ ಹತ್ತಿರ ಹೋದರು. ಹಿರಿಯರು ಸ್ಟೂಲಿನ ಮೇಲೆ ಕುಳಿತಿದ್ದರು. ಆಕೆ ಅವರ ಎದುರಿಗೆ ನಿಂತು, ಹಿಂದಿನ ಸಾಲಿಗೂ ಮುಟ್ಟುವ ದನಿಯಲ್ಲಿ, ಆ ನಾಲ್ಕು ಸಾಲನ್ನು ಅಂದರು. ಪಾದ ಅಂದರು, ಮುಖ ಅಂದರು, ಅಕ್ಷತಿ ಅಂದರು. ಕೊನೆಗೆ ಹೊಸದೊಂದು ಸೇರಿಸಿದರು: "ಅಕಿ ಪುಣ್ಯಾತಗಿತ್ತಿ, ಉಲ್ಟಾ ನಿಂತಿದ್ರ ಇಂವ ಅಂದೇ ಗುರ್ತು ಹಿಡೀತಿದ್ದ."

ಆಮೇಲೆ ಸುಮ್ಮನಾಗಿ, ಮುಖ ಮೇಲೆತ್ತಿ ಕಾಯ್ದರು.

ನಾವು ಯಾರೂ ನಗಲಿಲ್ಲ. ನಗಬೇಕೆಂದು ತಿಳಿದಿತ್ತು, ಆಗಲಿಲ್ಲ. ಹಿರಿಯರ ಮುಖದಲ್ಲಿ ಏನೂ ಇರಲಿಲ್ಲ. ಆಕೆ ಗಾಬರಿಯಾಗಲಿಲ್ಲ. ತಗಡು ಚಟ್ ಎಂದಿತು. ನಾನು ಗೋಡೆ ಗಡಿಯಾರ ನೋಡಿದೆ, ಕಾಲು ನಿಮಿಷವಾಗಿತ್ತು. ಆಕೆಯ ತುಟಿಯ ಅಂಚಿನಲ್ಲಿ, ಎದುರಿಗೆ ಜನ ನಗುತ್ತಿದ್ದಾಗ ನಟರ ಮುಖದಲ್ಲಿ ಬರುವ ಸಣ್ಣ ಬಿಗುವು ಇತ್ತು. ನಮಗೆ ಕೇಳಿಸದಿದ್ದದ್ದು ಆಕೆಗೆ ಕೇಳಿಸುತ್ತಿತ್ತು. ಆಗ ಹಿರಿಯರಿಂದ ಒಂದು ಕೆಮ್ಮು ಬಂತು. ಕೆಮ್ಮು ತಡೆಯದೆ ಎರಡಾಯಿತು, ಮೂರಾಯಿತು, ಕೊನೆಗೆ ನಗುವಾಯಿತು. ಸ್ಟಿಕ್ಕನ್ನು ಕೇಸಿನ ಮೇಲಿಟ್ಟು, ಕನ್ನಡಕ ತೆಗೆದು, ಬಗ್ಗಿ ಬಗ್ಗಿ ನಕ್ಕರು. ಆಕೆ ಅದು ಪೂರ್ತಿ ಇಳಿಯುವತನಕ ಕೈಯೆತ್ತಿ ಹಿಡಿದಿದ್ದು, ಆಮೇಲೆ ಇಳಿಸಿದರು.

"ಅಂದೆ ನೋಡಪ," ಎಂದರು. "ಇನ್ನ ಏಳು."

ಅವರು ಎದ್ದರು.

ಅಲ್ಲಿಂದ ಎಲ್ಲರಿಗೂ ಒಂದೊಂದು. ಮಷೀನಿನವನಿಗೆ, "ಇವನ ಮಷೀನು ಇವನಿಗೆ ಅಂಜಿ ನಿಂತದ, ಕರೆಂಟಿನ ಮ್ಯಾಲೆ ಯಾಕ ಹಾಕತೀಯೋ?" ಸಂಪಾದಕರಿಗೆ, "ಇವರು ಲೋಕದ ಸುದ್ದಿ ಎಲ್ಲಾ ತಿಳಕೊಂಡಾರ, ಅಂಗೀ ಗುಂಡಿ ಮ್ಯಾಲೆ ಕೆಳಗ ಹಾಕೊಂಡದ್ದು ಯಾರೂ ವರದಿ ಮಾಡಿಲ್ಲ." ಸಂಪಾದಕರು ತಟ್ಟನೆ ಅಂಗಿ ನೋಡಿಕೊಂಡರು. ಕೊನೆಗೆ ನನಗೆ, "ಇಂವ ಕಡಿಯಾಂವ. ಇವನ ಮುಂದ ಜಡಿ ಬಿಟಗೊಂಡು ಅಡ್ಡಾಡಬ್ಯಾಡ್ರೆವ್ವಾ. ಕೆಳಗಿಂದ ನಾಕು ಬಟ್ಟು ಕತ್ತರಿಸಿ, ಜಾಗಾ ಇರಲಿಲ್ರಿ ಅಂತಾನ."

ಮೂರು ಗಂಟೆಯ ಬಸ್ಸಿಗೆ ಹತ್ತಿಸಿ ಬಂದೆ. ಹಿರಿಯರು ಊಟದ ಡಬ್ಬಿ ತೆರೆದಿದ್ದರು. ಆ ದಿನದಿಂದ ಅವರ ಪ್ರೂಫಿನಲ್ಲಿ ಖಾಲಿ ಸಾಲು ಬರಲಿಲ್ಲ.

ಸಂಜೆ, ಅಭ್ಯಾಸದಂತೆ, ಆಕೆ ಅಂದದ್ದನ್ನೆಲ್ಲ ಕ್ರಮವಾಗಿ ನೋಟ್‌ಬುಕ್ಕಿಗೆ ಇಳಿಸಿದೆ. ಮೊದಲು ಹಿರಿಯ ಕಂಪೋಜಿಟರು, ಆಮೇಲೆ ಮಷೀನಿನವನು, ಕಿರಿಯ ಕಂಪೋಜಿಟರ್, ಸಂಪಾದಕರು, ನಾನು. ಏನೋ ಬಿಟ್ಟಿದೆ ಎನ್ನಿಸಿ ಹಿಂದಿನ ಪುಟಗಳನ್ನು ತಿರುವಿದೆ. ಮೂಗಿನ ಮಾತು. ಖಳನಾಯಕನ ಮಾತು. ಹನ್ನೊಂದು ಬೈಠಕ್ಕುಗಳಲ್ಲಿ ಒಂದೂ ಆಕೆ ತಮ್ಮನ್ನು ಅಂದುಕೊಳ್ಳದೆ ಶುರುವಾಗಿರಲಿಲ್ಲ. ಇಂದು ಬಾಗಿಲಿನಿಂದ ನೇರ ಕೇಸಿನ ಹತ್ತಿರ ಹೋಗಿದ್ದರು. ಇಂದಿನ ಪಟ್ಟಿಯಲ್ಲಿ ಬಿಟ್ಟುಹೋದವರು ಆಕೆಯೊಬ್ಬರೇ.

ನೋಟ್‌ಬುಕ್ ಮುಚ್ಚಿದೆ. ಇದರಲ್ಲಿ ಏನೂ ಇಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಿರಿಯರು ಪ್ರೂಫು ತಂದು ಮೇಜಿನ ಮೇಲಿಟ್ಟು, ಅಲ್ಲೇ ನಿಂತರು.

"ಸಾಹೇಬ್ರ, ಅಕ್ಕಾರು ನಿನ್ನಿ ತಮ್ಮ ಬಗ್ಗಿ ಏನೂ ಅನ್ನಲಿಲ್ಲ."

"ಹೌದು."

"ನನ್ನ ಸಲುವಾಗಿ ಗಡಬಡಿಸಿ ಬಂದ್ರು. ಮರ್ತ್ರು." ಪ್ರೂಫಿನ ಅಂಚು ನೇರ ಮಾಡುತ್ತ ಕೇಳಿದರು, "ಅವರನ್ನ ಅನ್ನಾಕ ಯಾರದಾರ್ರಿ?"

ಬುಧವಾರಕ್ಕೆ ಇನ್ನೂ ಐದು ದಿನವಿತ್ತು. ಹತ್ತು ಗಂಟೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಕಟ್ಟುತ್ತ, ಒಡೆಯುತ್ತ ಕುಳಿತಿದ್ದೆ. ಅಲ್ಲಿಯವರೆಗೆ ನಾನು ಬರೆದ ಯಾವ ವಾಕ್ಯಕ್ಕೂ ಯಾರೂ ನಕ್ಕದ್ದಿಲ್ಲ. ಅದಕ್ಕಾಗಿ ನಾನು ಬರೆದದ್ದೂ ಇಲ್ಲ. ಪಕ್ಕದಲ್ಲಿ ಕುಳಿತವರು ನನ್ನ ತುಟಿ ಅಲುಗುವುದನ್ನು ನೋಡಿ ಸ್ವಲ್ಪ ಸರಿದು ಕುಳಿತರು.

ಓಣಿ ಖಾಲಿಯಿತ್ತು. ಬಾಗಿಲು ಅರ್ಧ ತೆರೆದಿತ್ತು. ಆಕೆ ಮಂಚದ ಮೇಲೆ ನನಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಎರಡು ಕೈಯೂ ತೊಡೆಯ ಮೇಲೆ, ಅಂಗೈ ಮೇಲಾಗಿ. ಹಾಗೆ ಎಷ್ಟು ಹೊತ್ತಿನಿಂದ ಕುಳಿತಿದ್ದರೋ ಗೊತ್ತಿಲ್ಲ. ಹಿಂದಿನ ದಿನದ ಧೂಳಿನ ಸೀರೆಯೇ ಮೈಮೇಲಿತ್ತು.

"ಅಕ್ಕಾರ."

ತಿರುಗಲಿಲ್ಲ. "ಇವತ್ತು ಬುಧವಾರ ಅಲ್ಲ," ಎಂದರು. "ಯಾಕ ಬಂದ್ರಿ?"

ಬಸ್ಸಿನಲ್ಲಿ ಕಟ್ಟಿದ್ದ ವಾಕ್ಯವನ್ನು ಹೇಳಿದೆ.

"ವಿಳಾಸ ಮರತಿದ್ದೆ ನೋಡ್ರಿ. ಬಸ್‌ಸ್ಟ್ಯಾಂಡಿನಾಗ ಇಳದು, ಯಾವ ಓಣಿ ಅಂತ ಯಾರನ್ನರ ಕೇಳಬೇಕು ಅನ್ನೂದ್ರಾಗ ನಿಮ್ಮ ಮೂಗು ಕಂಡ್ತು. ಅದನ್ನ ಹಿಡಕೊಂಡು ಸೀದಾ ಬಂದೆ. ನೀವು ಹಿಂದಿಂದ ಸಿಕ್ರಿ."

ಅಷ್ಟೇ. ಒಳ್ಳೆಯ ಮಾತೇನಲ್ಲ. ಆಕೆಯದೇ ಸರಕು.

ಆಕೆ ನಗಲಿಲ್ಲ. ಹೆಗಲು ಕೂಡ ಅಲುಗಲಿಲ್ಲ. ನಿಧಾನವಾಗಿ ತಲೆ ಮಾತ್ರ ಮೇಲೆದ್ದಿತು, ಗೋಡೆಯ ಮೊಳೆಯ ಕಡೆಗೆ, ಅದೇ ಓರೆಯಲ್ಲಿ. ಕಾಯತೊಡಗಿದರು. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಗಡಿಯಾರ ಇರಲಿಲ್ಲ. ಹೊರಗೆ ಒಂದು ಬಂಡಿ ಬಂತು, ಓಣಿಯುದ್ದಕ್ಕೂ ಹೋಯಿತು, ಅದರ ಸದ್ದು ಪೂರ್ತಿ ಅಡಗಿತು. ಆಕೆಯ ಬಲಗೈ ಮೇಲೆದ್ದು ಗಾಳಿಯಲ್ಲಿ ನಿಂತಿತು, ಇನ್ನೂ ಇದೆ, ತಡಿ ಎನ್ನುವಂತೆ. ನಾನು ಕಿವಿಗೊಟ್ಟು ಕೇಳಿದೆ. ಕೇಳಿಸಿತು ಎಂದು ಬರೆಯುವಂತಿಲ್ಲ. ಕೋಣೆ ಖಾಲಿಯಿತ್ತು ಎಂದು ಬರೆಯಲೂ ಕೈ ಬರುವುದಿಲ್ಲ.

ಕೊನೆಗೆ ಕೈ ಇಳಿಯಿತು.

"ಹ್ಞೂಂ," ಎಂದರು. "ನಕ್ರು."

ಆಮೇಲೆ ನನ್ನ ಕಡೆ ತಿರುಗಿ, ಸೆರಗಿನಿಂದ ಮುಖ ಒರೆಸಿಕೊಂಡು, "ಬರಕೊಳ್ರಿ," ಎಂದರು.

ಮುಂದಿನ ತಿಂಗಳು ಕಾಗದ ಬಂತು. ನಾಲ್ಕು ಸಾಲು ಅಂಕಣದ ಮೊದಲಿಗೆ ಅಚ್ಚಾದವು. ಖಾನೆಯಲ್ಲಿ ಉಳಿದಿದ್ದ ಅಕ್ಷರಗಳು ಸಾಲದೆ ಹಿರಿಯರು ಹೊಸದಾಗಿ ಜೋಡಿಸಿದರು, ಹತ್ತು ಪ್ರತಿ ಒಯ್ದರು. ಅವರು ಎಂಬತ್ತರ ದಶಕದ ನಡುವಿನವರೆಗೂ ನಮ್ಮಲ್ಲಿ ಕೆಲಸ ಮಾಡಿದರು. ಆಕೆ ಅದಕ್ಕೂ ಹೆಚ್ಚು ಕಾಲ ಇದ್ದರು. ನೋಟ್‌ಬುಕ್ಕಿನ ಆ ಶುಕ್ರವಾರದ ಪುಟ ನನ್ನ ಬಳಿ ಇದೆ. ಮೇಲೆ ನನ್ನದೇ ಒಂದು ಮಾತು. ಅದರ ಮುಂದೆ ಎಳೆದ ಗೆರೆ ಪುಟದ ಅಂಚಿನವರೆಗೆ ಹೋಗಿದೆ.